‘ನಂದೇನಿದೆ ಮೇಡಂ ಹೇಳೋಕೆ?’: ಕಾಲೇಜಿನ ಹಳೆ ವಿದ್ಯಾರ್ಥಿಗಳ ಸುದ್ದಿಪುಟ ಮಾಡುವ ಬಗೆ

ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ಕಾಫಿ ಮುಗಿಯುವ ಹೊತ್ತಿಗೆ ಯಾರಾದರೂ ಒಬ್ಬರು ಈ ಮಾತು ತೆಗೆಯುತ್ತಾರೆ. “ನಮ್ಮ ಸಂಚಿಕೆಯಲ್ಲಿ ಯಾರ್ಯಾರು ಎಲ್ಲಿದ್ದಾರೆ, ಏನು ಮಾಡ್ತಿದ್ದಾರೆ ಅಂತ ಒಂದೆರಡು ಪುಟ ಇರಬೇಕು.” ಎಲ್ಲರೂ ಹೌದು ಹೌದು ಅನ್ನುತ್ತಾರೆ. ಆಮೇಲೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ನನಗೆ ಆಗಿದ್ದೂ ಇದೇ. ಬೆಂಗಳೂರಿನ ಒಂದು ಕ್ಯಾಥೊಲಿಕ್ ಕಾಲೇಜಿನಲ್ಲಿ ಓದಿದವಳು ನಾನು. ಹನ್ನೊಂದು ವರ್ಷದಿಂದ ಅದರ ಸುದ್ದಿಪುಟ ನನ್ನ ಕೊರಳಿಗೆ ಬಿದ್ದಿದೆ. ವರ್ಷಕ್ಕೆ ಎರಡು ಸಂಚಿಕೆ, ಸಂಬಳ ಇಲ್ಲ, ಬೈಗುಳ ಮಾತ್ರ ತಪ್ಪದೆ ಬರುತ್ತದೆ.

ಈ ಕೆಲಸ ನಿಮ್ಮ ತಲೆಗೂ ಬಂದಿದ್ದರೆ ನಾನು ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ‘ನಮ್ಮವರು’ ಯಾರು?

ಸುಲಭದ ಪ್ರಶ್ನೆ ಅನಿಸುತ್ತದೆ, ಅಲ್ವಾ? ಬೆಂಗಳೂರಿನಲ್ಲಿ ‘ನಾನು ಸೇಂಟ್ ಜೋಸೆಫ್ಸ್‌ನಲ್ಲಿ ಓದಿದ್ದು’ ಅಂದರೆ ಏನೂ ಹೇಳಿದ ಹಾಗಲ್ಲ. ಬಾಯ್ಸ್ ಹೈಸ್ಕೂಲ್ ಇದೆ, ಇಂಡಿಯನ್ ಹೈಸ್ಕೂಲ್ ಇದೆ, ಕಾಲೇಜು ಇದೆ, 1972ರಲ್ಲಿ ಬೇರೆಯಾದ ಕಾಮರ್ಸ್ ಕಾಲೇಜು ಇದೆ, ಈವ್ನಿಂಗ್ ಕಾಲೇಜೂ ಇದೆ. ರಾಹುಲ್ ದ್ರಾವಿಡ್ ಬಾಯ್ಸ್ ಹೈಸ್ಕೂಲಿನಲ್ಲೂ ಕಾಮರ್ಸ್ ಕಾಲೇಜಿನಲ್ಲೂ ಓದಿದವರು. ಅವರು ಎಲ್ಲರಿಗೂ ಬೇಕು. ಆದರೆ ಬರೀ ‘ಜೋಸೆಫ್ಸ್’ ಅಂತ ಬರೆದು ಎಲ್ಲ ಸಂಸ್ಥೆಗಳೂ ಅವರನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡರೆ ನಗೆಪಾಟಲಾಗುತ್ತದೆ.

ಇನ್ನೊಂದು ಗೋಜಲು ಪಿಯುಸಿಯದು. ಅರಮನೆ ರಸ್ತೆಯ ಮೌಂಟ್ ಕಾರ್ಮೆಲ್ ಬೆಂಗಳೂರಿನಲ್ಲಿ 1948ರಿಂದ ಇದೆ. ಮಾರ್ಗರೆಟ್ ಆಳ್ವ ಅಲ್ಲಿ ಬಿ.ಎ. ಮಾಡಿದವರು. ದೀಪಿಕಾ ಪಡುಕೋಣೆ ಅಲ್ಲಿ ಮಾಡಿದ್ದು ಪಿಯುಸಿ. ಇಬ್ಬರೂ ಅಲ್ಲಿಯ ಹಳೆ ವಿದ್ಯಾರ್ಥಿನಿಯರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಸರಿನ ಮುಂದೆ ಏನು ಓದಿದ್ದು ಅಂತ ಬರೆಯದಿದ್ದರೆ ಪಿಯುಸಿಯವರನ್ನು ‘ಪದವೀಧರೆ’ ಮಾಡಿಬಿಡುತ್ತೇವೆ.

ಹಾಗಾಗಿ ನಮ್ಮ ಪುಟದಲ್ಲಿ ಹೆಸರಾದ ಕೂಡಲೇ ಕೋರ್ಸು ಮತ್ತು ವರ್ಷ ಬರುತ್ತದೆ. ವರ್ಷ ಅಂದರೆ ಸೇರಿದ ವರ್ಷವಲ್ಲ, ಮುಗಿಸಿದ ವರ್ಷ. ನಡುವೆ ಬಿಟ್ಟುಹೋದವರನ್ನೂ ನಾವು ಸೇರಿಸಿಕೊಳ್ಳುತ್ತೇವೆ. ಅವರಿಗೆ ‘1985–86ರಲ್ಲಿ ಇದ್ದರು’ ಅಂತ ಬರೆದರೆ ಸಾಕು. ಮನೆಯಲ್ಲಿ ದುಡ್ಡಿಲ್ಲದೆ ಬಿಟ್ಟವರು, ಮದುವೆಯಾಗಿ ಬಿಟ್ಟವರು ಎಷ್ಟೋ ಜನ. ಅವರಿಗೆ ಕಾಲೇಜಿನ ಮೇಲೆ ಇರುವ ಪ್ರೀತಿ ರ‍್ಯಾಂಕ್ ಬಂದವರಿಗಿಂತ ಒಂದು ತೂಕ ಜಾಸ್ತಿಯೇ.

ಸಂಸ್ಥೆಯ ಹೆಸರು ಆಗಾಗ ಬದಲಾಗುತ್ತದೆ ಅನ್ನುವುದೂ ನೆನಪಿರಲಿ. ಸೇಂಟ್ ಜೋಸೆಫ್ಸ್ ಕಾಲೇಜನ್ನು 1882ರಲ್ಲಿ ಶುರುಮಾಡಿದ್ದು ಪ್ಯಾರಿಸ್ ವಿದೇಶಿ ಮಿಷನ್ನಿನ ಫಾದರ್‌ಗಳು. 1937ರಲ್ಲಿ ಅದು ಜೆಸ್ವಿಟರ (‘ಯೇಸು ಸಭೆ’ ಅನ್ನುವ ಕ್ಯಾಥೊಲಿಕ್ ಸನ್ಯಾಸಿ ಸಂಘದವರ) ಕೈಗೆ ಬಂತು, 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಹೊಸೂರು ರಸ್ತೆಯ ಕ್ರೈಸ್ಟ್ 1969ರಲ್ಲಿ ಕಾಲೇಜಾಗಿ ಶುರುವಾಗಿ 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. 1990ರ ಬ್ಯಾಚಿನವರು ‘ಕ್ರೈಸ್ಟ್ ಯೂನಿವರ್ಸಿಟಿಯಲ್ಲಿ ಓದಿದರು’ ಅಂತ ಬರೆದರೆ ಅದು ತಪ್ಪು. ಹಾಗೇ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 1964ರಲ್ಲಿ. ಯಾರಾದರೂ ‘1961ರಲ್ಲಿ ಬೆಂಗಳೂರು ವಿವಿ ಪದವಿ’ ಅಂತ ಕಳಿಸಿದರೆ ಒಂದು ಫೋನ್ ಮಾಡಿ ಕೇಳಿ.

ಹೆಜ್ಜೆ 2: ಪಟ್ಟಿ ಮಾಡುವುದು, ಹೆಸರು ಬಿಡಿಸುವುದು

ಹಳೆಯ ದಾಖಲಾತಿ ರಿಜಿಸ್ಟರ್ ಕಾಲೇಜಿನ ಆಫೀಸಿನಲ್ಲಿ ಇರುತ್ತದೆ. ಕೇಳಿದ ಕೂಡಲೇ ಸಿಗುವುದಿಲ್ಲ. ನಾನು ಕಂಡುಕೊಂಡ ಉಪಾಯ ಹೇಳುತ್ತೇನೆ: ನ್ಯಾಕ್ ಅನ್ನಿ. ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ. ಅದು ಕಾಲೇಜುಗಳನ್ನು ಅಳೆಯುವ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಒಡನಾಟಕ್ಕೇ ಒಂದು ಭಾಗವಿದೆ. ‘ಸರ್, ಈ ಪಟ್ಟಿ ನ್ಯಾಕ್‌ಗೂ ಆಗುತ್ತೆ’ ಅಂದರೆ ಬೀಗದ ಕೈ ತಾನಾಗೇ ಸಿಗುತ್ತದೆ.

ರಿಜಿಸ್ಟರ್ ಜೊತೆಗೆ ಹಳೆಯ ಕಾಲೇಜು ಮ್ಯಾಗಜೀನ್‌ಗಳು, ಗ್ರೂಪ್ ಫೋಟೋಗಳು ಬೇಕು. ಫೋಟೋದ ಕೆಳಗೆ ‘ನಿಂತಿರುವವರು, ಎಡದಿಂದ ಬಲಕ್ಕೆ’ ಅಂತ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಎಲ್ಲವನ್ನೂ ಒಂದು ಎಕ್ಸೆಲ್ ಶೀಟಿಗೆ ಹಾಕಿ. ರಿಜಿಸ್ಟರಿನಲ್ಲಿರುವ ಹೆಸರು, ಈಗಿನ ಹೆಸರು, ಕರೆಯುವ ಹೆಸರು, ಹೀಗೆ ಹೆಸರಿಗೇ ಮೂರು ಕಾಲಂ ಇರಲಿ. ಆಮೇಲೆ ಕೋರ್ಸು, ವರ್ಷ, ಊರು, ಫೋನು, ಸುದ್ದಿ ಕೊಟ್ಟವರು ಯಾರು, ಪರಿಶೀಲಿಸಿದ ತಾರೀಖು.

ಮೂರು ಕಾಲಂ ಯಾಕೆ ಅಂದರೆ ನಮ್ಮ ಕಡೆಯ ಹೆಸರುಗಳೇ ಹಾಗೆ. ಬೆಂಗಳೂರಿನ ಸುತ್ತಲ ಹಳ್ಳಿಗಳ ಕ್ಯಾಥೊಲಿಕ್ ಮನೆಗಳಲ್ಲಿ ಸಂತರ ಹೆಸರುಗಳು ನೆಲದ ಬಟ್ಟೆ ತೊಟ್ಟುಕೊಂಡಿವೆ. ರಾಯಪ್ಪ ಅಂದರೆ ಪೀಟರ್, ಚಿನ್ನಪ್ಪ ಅಂದರೆ ಪೌಲ್, ಅರುಳಪ್ಪ ಅಂದರೆ ಜಾನ್. ಚೌರಪ್ಪ ಅಂದರೆ ಕ್ಸೇವಿಯರ್, ಇನ್ನಾಸಪ್ಪ ಅಂದರೆ ಇಗ್ನೇಷಿಯಸ್. ರಿಜಿಸ್ಟರಿನಲ್ಲಿ ‘ರಾಯಪ್ಪ’ ಇದ್ದವರು ಪಾಸ್‌ಪೋರ್ಟ್ ಮಾಡಿಸುವಾಗ ‘ಪೀಟರ್’ ಆಗಿರುತ್ತಾರೆ. ಒಮ್ಮೆ ನಾನು ಎರಡು ವರ್ಷ ಹುಡುಕಿದ ಒಬ್ಬರು ಅದೇ ಬ್ಯಾಚಿನ ವಾಟ್ಸ್‌ಆಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದರು, ಬೇರೆ ಹೆಸರಿನಲ್ಲಿ.

ಮದುವೆಯಾದ ಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳದು ಇನ್ನೊಂದು ಕತೆ. ಎರಡೂ ಹೆಸರು ಹಾಕಿ. ಕ್ಲಾಸ್‌ಮೇಟ್‌ಗಳಿಗೆ ಗುರುತು ಸಿಗುವುದು ಹಳೆಯ ಹೆಸರಿನಿಂದಲೇ. ಆದರೆ ಮೊದಲು ಅವರನ್ನು ಕೇಳಿ. ಗಂಡನ ಹೆಸರು ಬಿಟ್ಟವರೂ ಇರುತ್ತಾರೆ, ಅದನ್ನು ನಾವು ಮತ್ತೆ ಅಂಟಿಸಬಾರದು.

ಹೆಜ್ಜೆ 3: ಸುದ್ದಿ ಕೇಳುವುದು

ನನ್ನ ಮೊದಲ ವರ್ಷದ ಪೆದ್ದುತನ ಇಲ್ಲೇ ಆಗಿದ್ದು. ಚೆನ್ನಾಗಿರುವ ಒಂದು ಗೂಗಲ್ ಫಾರ್ಮ್ ಮಾಡಿದೆ. ಮೊದಲ ಪ್ರಶ್ನೆ: ‘ನಿಮ್ಮ ಸಾಧನೆಗಳೇನು?’ ಉತ್ತರ ಬರೆದವರು ಬೆರಳೆಣಿಕೆ ಜನ. ಅದರಲ್ಲೂ ಮೂವರು ತಮ್ಮ ಕಂಪನಿಯ ಜಾಹೀರಾತನ್ನೇ ಅಂಟಿಸಿದ್ದರು. ಉಳಿದವರನ್ನು ಫೋನಿನಲ್ಲಿ ಕೇಳಿದರೆ “ಸಾಧನೆ ಅಂತ ಏನೂ ಇಲ್ಲಪ್ಪ” ಅನ್ನುತ್ತಿದ್ದರು.

ಸಾಧನೆ ಅನ್ನುವ ಪದ ಜನರನ್ನು ಹೆದರಿಸುತ್ತದೆ. ಅದನ್ನು ಕಂಡ ಕೂಡಲೇ ಸನ್ಮಾನ, ಶಾಲು, ಹಾರ, ಏಲಕ್ಕಿ ಪೇಟ ಕಣ್ಣ ಮುಂದೆ ಬರುತ್ತದೆ. ಇವು ಯಾವುವೂ ಇಲ್ಲದವರು ಫಾರ್ಮ್ ಮುಚ್ಚಿಬಿಡುತ್ತಾರೆ. ಮುಂದಿನ ವರ್ಷ ಆ ಪ್ರಶ್ನೆ ತೆಗೆದುಹಾಕಿ ‘ಈಗ ನಿಮ್ಮ ದಿನ ಹೇಗೆ ಕಳೆಯುತ್ತದೆ?’ ಅಂತ ಹಾಕಿದೆ. ಜನ ಬರೆದರು. ಕೆಲವರು ಪುಟಗಟ್ಟಲೆ ಬರೆದರು.

ಬ್ಯಾಚಿಗೊಬ್ಬ ಪ್ರತಿನಿಧಿ ಇರಲಿ. ಬ್ಯಾಚಿನ ಅತಿ ದೊಡ್ಡ ಮನುಷ್ಯರನ್ನು ಆ ಕೆಲಸಕ್ಕೆ ಹಿಡಿಯಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಎಲ್ಲರ ಮನೆ ಗೃಹಪ್ರವೇಶಕ್ಕೂ ಹೋಗುವವರು ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಹಿಡಿಯಿರಿ. ಅವರ ಮೂಲಕ ಗುಂಪಿಗೆ ಹಾಕುವ ಸಂದೇಶ ಚಿಕ್ಕದಾಗಿರಲಿ. ನಾನು ಕಳಿಸುವುದು ಇಷ್ಟೇ:

“ನಮಸ್ಕಾರ. ಡಿಸೆಂಬರ್ ಸಂಚಿಕೆಗೆ ನಿಮ್ಮ ಸುದ್ದಿ ಬೇಕು. ಕೆಲಸ ಬದಲಾಯಿತಾ, ಮನೆ ಬದಲಾಯಿತಾ, ನಿವೃತ್ತಿ ಆಯಿತಾ, ಹೊಸದೇನಾದರೂ ಕಲಿಯುತ್ತಿದ್ದೀರಾ? ನಾಲ್ಕು ಸಾಲು ಬರೆಯಿರಿ, ಇಲ್ಲವೇ ವಾಯ್ಸ್ ಮೆಸೇಜ್ ಕಳಿಸಿ. ಕೊನೇ ತಾರೀಖು ಅಕ್ಟೋಬರ್ 20.”

ನಿಜವಾದ ಕೊನೇ ತಾರೀಖು ನವೆಂಬರ್ 5. ಇದು ನಮ್ಮ ನಿಮ್ಮಲ್ಲೇ ಇರಲಿ.

ಆದರೂ ಒಳ್ಳೆಯ ಸುದ್ದಿ ಸಿಗುವುದು ಫೋನಿನಲ್ಲೇ. ಬಿ.ಎಸ್ಸಿ. 1987ರ ಒಬ್ಬರ ಜೊತೆ ಆದ ಮಾತು ಇದು:

“ನಂದೇನಿದೆ ಮೇಡಂ ಹೇಳೋಕೆ? ಬ್ಯಾಂಕಲ್ಲಿದ್ದೆ, ವಿಆರ್‌ಎಸ್ ತಗೊಂಡೆ. ಅಷ್ಟೇ.”

“ಈಗ ಸಂಜೆ ಹೊತ್ತು ಏನು ಮಾಡ್ತೀರಿ ಸರ್?”

“ಸಂಜೆನಾ? ಸಂಜೆ ಪುರುಸೊತ್ತಿರಲ್ಲ.”

“ಯಾಕೆ?”

“ಹುಡುಗರು ಬರ್ತಾರಲ್ಲ.”

“ಯಾವ ಹುಡುಗರು?”

ಆಮೇಲೆ ಇಪ್ಪತ್ತು ನಿಮಿಷ ಅವರೇ ಮಾತಾಡಿದರು. ಹತ್ತಿರದ ಸರ್ಕಾರಿ ಶಾಲೆಯ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆರು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದಾರೆ. ಅದನ್ನು ಅವರು ಸುದ್ದಿ ಅಂದುಕೊಂಡೇ ಇರಲಿಲ್ಲ. ‘ಏನೂ ಇಲ್ಲ’ ಅಂದವರನ್ನು ಅಲ್ಲಿಗೇ ಬಿಡಬೇಡಿ. ಸಂಜೆ ಏನು ಮಾಡುತ್ತೀರಿ ಅಂತ ಕೇಳಿ, ಭಾನುವಾರ ಏನು ಅಂತ ಕೇಳಿ.

ಹೆಜ್ಜೆ 4: ಯಾವುದಕ್ಕೆ ಎಷ್ಟು ಜಾಗ?

1973ರ ಜುಲೈ 31ರಂದು ಸ್ಪೇನಿನ ವಲೆನ್ಸಿಯಾದಲ್ಲಿ ಜೆಸ್ವಿಟ್ ಸಭೆಯ ಆಗಿನ ಮುಖ್ಯಸ್ಥ ಫಾದರ್ ಪೆದ್ರೊ ಅರುಪೆ ಒಂದು ಭಾಷಣ ಮಾಡಿದರು. ಎದುರಿಗೆ ಕೂತಿದ್ದವರು ಯುರೋಪಿನ ಜೆಸ್ವಿಟ್ ಶಾಲೆ ಕಾಲೇಜುಗಳ ಹಳೆ ವಿದ್ಯಾರ್ಥಿಗಳೇ. ಇನ್ನೊಬ್ಬರಿಗಾಗಿ ಬದುಕುವವರನ್ನು ತಯಾರು ಮಾಡುವುದು ನಮ್ಮ ಶಿಕ್ಷಣದ ಗುರಿ ಅಂದರು. ನ್ಯಾಯದ ವಿಷಯದಲ್ಲಿ ನಿಮ್ಮನ್ನು ನಾವು ಸರಿಯಾಗಿ ತಯಾರು ಮಾಡಿದ್ದೇವಾ ಅಂತ ತಮ್ಮವರನ್ನೇ ಪ್ರಶ್ನಿಸಿಕೊಂಡರು. ಕೇಳಿದವರಿಗೆಲ್ಲ ಅದು ಹಿಡಿಸಲಿಲ್ಲ. ಈಗ ಆ ಮಾತು ಜೆಸ್ವಿಟ್ ಕಾಲೇಜುಗಳ ಗೋಡೆ ಗೋಡೆಯ ಮೇಲಿದೆ.

ಗೋಡೆಯ ಮೇಲೆ ಆ ಮಾತು, ಸುದ್ದಿಪುಟದಲ್ಲಿ ಬರೀ ವೈಸ್ ಪ್ರೆಸಿಡೆಂಟ್‌ಗಳು ಅಂದರೆ ಹೇಗೆ? ಬಡ್ತಿ ಸುದ್ದಿ ಹಾಕಬೇಡಿ ಅನ್ನುತ್ತಿಲ್ಲ. ಒಂದು ಸಾಲು ಸಾಕು. ಬಡ್ತಿ ಸುದ್ದಿಯಲ್ಲಿ ಹುದ್ದೆಯ ಹೆಸರು ಬಿಟ್ಟರೆ ಓದುವುದಕ್ಕೆ ಏನೂ ಇರುವುದಿಲ್ಲ. ಅಮ್ಮನನ್ನು ನೋಡಿಕೊಳ್ಳಲು ಕೆಲಸ ಬಿಟ್ಟು ಬಂದವರು, ಐವತ್ತೆಂಟಕ್ಕೆ ವೀಣೆ ಕಲಿಯಲು ಕೂತವರು, ಟ್ರಾಫಿಕ್ ವಾರ್ಡನ್ ಆಗಿ ನಿಲ್ಲುವವರು, ಇಂಥವರಿಗೆ ಐದಾರು ಸಾಲು ಕೊಡಿ. ಓದಿದವರು ಫೋನ್ ಮಾಡುವುದು ಇವರಿಗೇ.

ಜೋಡಣೆಯಲ್ಲಿ ಮಾತ್ರ ದೊಡ್ಡವರು ಚಿಕ್ಕವರು ಅಂತ ಮಾಡಬೇಡಿ. ಬ್ಯಾಚಿನ ವರ್ಷದ ಪ್ರಕಾರ ಹಾಕಿ, ಹಳೆಯ ಬ್ಯಾಚು ಮೊದಲು. ಮಂತ್ರಿಯಾದರೂ ತಮ್ಮ ವರ್ಷ ಬರುವ ತನಕ ಕಾಯಲಿ.

ಹೆಜ್ಜೆ 5: ಪರಿಶೀಲನೆ

ಇಲ್ಲಿ ಸ್ವಲ್ಪ ನಿಧಾನ ಮಾಡಿ.

ಪದ್ಮ ಪ್ರಶಸ್ತಿಗಳ ಪಟ್ಟಿಯನ್ನು ಕೇಂದ್ರ ಗೃಹ ಇಲಾಖೆ ಗಣರಾಜ್ಯೋತ್ಸವದ ಹಿಂದಿನ ದಿನ ಪ್ರಕಟಿಸುತ್ತದೆ. ರಾಜ್ಯೋತ್ಸವ ಪ್ರಶಸ್ತಿಯದು ನವೆಂಬರ್ 1ರ ಹೊತ್ತಿಗೆ ಬರುತ್ತದೆ. ಸರ್ಕಾರದ ಪಟ್ಟಿಯಲ್ಲಿ ಹೆಸರು ನೋಡಿಯೇ ಹಾಕಿ. ಹೆಸರಿನ ಮುಂದೆ ‘ಪದ್ಮಶ್ರೀ’ ಸೇರಿಸಬೇಡಿ. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಹೆಸರಿನ ಹಿಂದೆ ಮುಂದೆ ಬಳಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ‘ಇಂಥ ವರ್ಷ ಪದ್ಮಶ್ರೀ ಪಡೆದರು’ ಅಂತ ಬರೆಯಿರಿ. ಸನ್ಮಾನ ಸಮಿತಿಯವರು ಮುನಿಸಿಕೊಳ್ಳುತ್ತಾರೆ, ಪರವಾಗಿಲ್ಲ.

ಇನ್ನು ‘ಡಾ.’ ಪೀಡೆ. ವೈದ್ಯರಾ, ಪಿಎಚ್‌.ಡಿ.ಯಾ, ಗೌರವ ಡಾಕ್ಟರೇಟಾ? ಮೂರನ್ನೂ ಬೇರೆ ಬೇರೆ ಬರೆಯಬೇಕು. ಪಿಎಚ್‌.ಡಿ. ಆಗಿದ್ದರೆ ಶೋಧಗಂಗಾ ತಾಣದಲ್ಲಿ ಪ್ರಬಂಧ ಹುಡುಕಬಹುದು. 2009ರ ಯುಜಿಸಿ ನಿಯಮದ ನಂತರದ ಪ್ರಬಂಧಗಳು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಹಳೆಯವು ಇಲ್ಲದಿದ್ದರೆ ಅದರಿಂದಲೇ ಅನುಮಾನ ಪಡಬೇಡಿ. ಗೌರವ ಡಾಕ್ಟರೇಟ್ ಆದರೆ ಕೊಟ್ಟವರು ಯಾರು ನೋಡಿ. ಕೇಳರಿಯದ ಊರಿನ ಕೇಳರಿಯದ ವಿಶ್ವವಿದ್ಯಾಲಯ, ಸಮಾರಂಭ ಮಾತ್ರ ಬೆಂಗಳೂರಿನ ಹೋಟೆಲಿನಲ್ಲಿ ಅಂದರೆ ಎಚ್ಚರ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ, ಅದನ್ನೂ ಒಮ್ಮೆ ನೋಡಿ.

ವಾಟ್ಸ್‌ಆಪ್ ಸುದ್ದಿಯನ್ನು ಮೂಲ ಅಂತ ನಂಬಬೇಡಿ. ಅದರಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 6: ಬರೆಯುವುದು

ಆ ಬ್ಯಾಂಕಿನವರ ಬಗ್ಗೆ ಅವರ ಗೆಳೆಯರೊಬ್ಬರು ಬರೆದುಕೊಟ್ಟದ್ದು ಹೀಗಿತ್ತು:

“ಶ್ರೀಯುತರು ತಮ್ಮ ಅವಿರತ ಪರಿಶ್ರಮದಿಂದ ಬ್ಯಾಂಕಿಂಗ್ ಕ್ಷೇತ್ರದಲ್ಲಿ ಅಪ್ರತಿಮ ಸಾಧನೆಗೈದು, ಸಮಾಜಮುಖಿ ಚಟುವಟಿಕೆಗಳಲ್ಲಿ ತಮ್ಮನ್ನು ತೊಡಗಿಸಿಕೊಂಡು ಕಾಲೇಜಿನ ಕೀರ್ತಿ ಪತಾಕೆಯನ್ನು ಮುಗಿಲೆತ್ತರಕ್ಕೆ ಹಾರಿಸಿದ್ದಾರೆ.”

ಯಾರ ಹೆಸರು ಹಾಕಿದರೂ ಹೊಂದುತ್ತದೆ. ನಾವು ಹಾಕಿದ್ದು:

“ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದು ಆರು ವರ್ಷವಾಯಿತು. ಲಿಂಗರಾಜಪುರದ ಮನೆಯ ತಾರಸಿಯಲ್ಲಿ ಸಂಜೆ 6ರಿಂದ 8ರವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾರೆ. ಫೀಸ್ ಇಲ್ಲ. ಮಳೆ ಬಂದರೆ ಪಾಠ ಹಾಲಿಗೆ ಇಳಿಯುತ್ತದೆ, ಮನೆಯವರ ಟಿವಿ ಬಂದ್. ಕಳೆದ ವರ್ಷ ಪಾಸಾದ ಇಬ್ಬರು ನಮ್ಮ ಕಾಲೇಜಿನಲ್ಲೇ ಪಿಯುಸಿಗೆ ಸೇರಿದ್ದಾರೆ.”

ಈ ಟಿವಿ ವಿಷಯ ಅವರ ಹೆಂಡತಿ ಹಿಂದಿನಿಂದ ಕೂಗಿ ಹೇಳಿದ್ದು. ಅದನ್ನು ಹಾಕಬಹುದಾ ಅಂತ ಕೇಳಿ ಹಾಕಿದೆ. ಊರು, ಹೊತ್ತು, ಒಂದು ಚಿಕ್ಕ ವಿವರ ಇದ್ದರೆ ಸುದ್ದಿ ತಾನಾಗಿ ನಿಲ್ಲುತ್ತದೆ. ಐವತ್ತು ಪದ ದಾಟಿದರೆ ಕತ್ತರಿ ಹಾಕಿ. ‘ಹೆಮ್ಮೆಯ’, ‘ಅಪ್ರತಿಮ’, ‘ಮುಡಿಗೇರಿಸಿಕೊಂಡ’ ಕಂಡರೆ ನಾನು ಕಣ್ಣು ಮುಚ್ಚಿ ಹೊಡೆದುಹಾಕುತ್ತೇನೆ.

ಹೆಜ್ಜೆ 7: ಫಾದರ್, ಸಿಸ್ಟರ್‌ಗಳ ಸುದ್ದಿ

ಕ್ಯಾಥೊಲಿಕ್ ಕಾಲೇಜು ಅಂದಮೇಲೆ ಹಳೆ ವಿದ್ಯಾರ್ಥಿಗಳಲ್ಲಿ ಗುರುಗಳೂ (ಅಂದರೆ ಫಾದರ್) ಕನ್ಯಾಸ್ತ್ರೀಯರೂ ಇರುತ್ತಾರೆ. ಇಲ್ಲಿ ಪದಗಳ ಅಳತೆ ಮುಖ್ಯ. ಮೊದಲ ವ್ರತ ಬೇರೆ, ಬದುಕಿಡೀ ಪಾಲಿಸುವ ನಿತ್ಯವ್ರತ ಬೇರೆ, ಫಾದರ್ ಆಗುವ ಗುರುದೀಕ್ಷೆ ಬೇರೆ. ಸಭೆ (ಅಂದರೆ ಸನ್ಯಾಸಿ ಸಂಘ) ಸೇರಿದ ವರ್ಷದಿಂದ ಗುರುದೀಕ್ಷೆಯ ವರ್ಷಕ್ಕೆ ಜೆಸ್ವಿಟರಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಹಾಗಾಗಿ ‘ರಜತ ಮಹೋತ್ಸವ’ ಅಂದರೆ ಯಾವುದರ ಇಪ್ಪತ್ತೈದು ವರ್ಷ ಅಂತ ಕೇಳಿಕೊಳ್ಳಿ. ಯಾವ ಸಭೆಯವರು ಅಂತ ಹೇಳುವ, ಹೆಸರಿನ ಕೊನೆಯ ಎಸ್.ಜೆ., ಸಿ.ಎಂ.ಐ. ಅದಲುಬದಲಾಗಬಾರದು. ಅಪ್ಪನ ಹೆಸರು ತಪ್ಪಿದರೂ ಕ್ಷಮಿಸಿಯಾರು, ಸಭೆ ತಪ್ಪಿದರೆ ಇಡೀ ವರ್ಷ ಚುಡಾಯಿಸುತ್ತಾರೆ. ಸಿಸ್ಟರ್‌ಗಳಲ್ಲಿ ಕೆಲವರು ವ್ರತ ತೆಗೆದುಕೊಂಡಾಗ ಹೆಸರು ಬದಲಿಸಿಕೊಂಡಿರುತ್ತಾರೆ. ಹಳೆಯ ಹೆಸರು ಹಾಕಲು ಅವರ ಒಪ್ಪಿಗೆ ಬೇಕು.

ಸಭೆ ಬಿಟ್ಟು ಬಂದವರೂ ಇರುತ್ತಾರೆ. ಅವರಾಗಿ ಹೇಳದ ಹೊರತು ‘ಮಾಜಿ ಫಾದರ್’ ಅಂತ ಎಲ್ಲೂ ಬರೆಯಬೇಡಿ.

ಹೆಜ್ಜೆ 8: ಸಾವಿನ ಸುದ್ದಿ

ಒಂದು ಸಲ ನಾನು ಬದುಕಿದ್ದವರನ್ನು ನಿಧನರಾದವರ ಪಟ್ಟಿಗೆ ಸೇರಿಸಿದೆ. ಒಂದೇ ಬ್ಯಾಚಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಇನಿಶಿಯಲ್ ಮಾತ್ರ ಬೇರೆ. ಗುಂಪಿನಲ್ಲಿ ಮೇಣದಬತ್ತಿ, ಕೈಮುಗಿದ ಚಿತ್ರ ಸಾಲುಸಾಲಾಗಿ ಬಂದವು. ನಾನೂ ನಂಬಿದೆ. ಸಂಚಿಕೆ ಹೊರಬಂದ ಮೂರನೇ ದಿನ ಫೋನ್ ಬಂತು. “ಏನಮ್ಮಾ, ನನ್ನ ನಲವತ್ತನೇ ದಿನದ ಪೂಜೆ ಯಾವಾಗ? ಊಟಕ್ಕೆ ನಾನೂ ಬರಬಹುದಾ?” ಅವರು ನಕ್ಕರು. ಅವರ ಮಗಳು ನಗಲಿಲ್ಲ. ನಾನು ಅವರ ಮನೆಗೇ ಹೋಗಿ ಕ್ಷಮೆ ಕೇಳಿದೆ.

ಅವತ್ತಿನಿಂದ ನಿಯಮ ಒಂದೇ: ಮನೆಯವರ ಬಾಯಿಂದ ಕೇಳದೆ ಸಾವಿನ ಸುದ್ದಿ ಹಾಕುವುದಿಲ್ಲ. ಒಂದು ಸಂಚಿಕೆ ತಡವಾದರೂ ಸರಿ.

ಪದದ ವಿಷಯವೂ ಇದೆ. ನಮ್ಮ ಕಾಲೇಜಿನಲ್ಲಿ ಓದಿದವರಲ್ಲಿ ಕ್ಯಾಥೊಲಿಕರಲ್ಲದವರೇ ಜಾಸ್ತಿ. ಎಲ್ಲರಿಗೂ ‘ಪ್ರಭುವಿನಲ್ಲಿ ವಿಶ್ರಮಿಸಿದರು’ ಅಂತ ಬರೆಯಲಾಗದು. ಶಿವೈಕ್ಯ, ವೈಕುಂಠವಾಸಿ ಅಂತ ನಾವು ಊಹಿಸಿ ಬರೆಯುವುದೂ ತಪ್ಪು. ‘ನಿಧನರಾದರು’ ಎಲ್ಲರಿಗೂ ಹೊಂದುತ್ತದೆ. ಮನೆಯವರು ಬೇರೆ ಪದ ಕೇಳಿದರೆ ಅದನ್ನೇ ಹಾಕಿ. ನವೆಂಬರ್ 2 ಮೃತರ ಸ್ಮರಣೆಯ ದಿನ, ಆ ತಿಂಗಳು ಚಾಪೆಲ್‌ನಲ್ಲಿ ಪೂಜೆಯ ಹೊತ್ತಿಗೆ ವರ್ಷದಲ್ಲಿ ತೀರಿಕೊಂಡವರ ಹೆಸರು ಓದುತ್ತಾರೆ. ಆ ಪಟ್ಟಿಯನ್ನೂ ನಿಮ್ಮಿಂದಲೇ ಕೇಳುತ್ತಾರೆ, ಅಕ್ಟೋಬರ್ ಕೊನೆಗೆ ಸಿದ್ಧ ಇಟ್ಟುಕೊಳ್ಳಿ. ಕ್ಯಾಥೊಲಿಕರಲ್ಲದವರ ಹೆಸರು ಓದುವ ಮುಂಚೆಯೂ ಮನೆಯವರನ್ನು ಕೇಳುತ್ತೇವೆ. ಇಲ್ಲಿಯ ತನಕ ಯಾರೂ ಬೇಡ ಅಂದಿಲ್ಲ.

ಹೆಜ್ಜೆ 9: ಒಪ್ಪಿಗೆ

2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂದಿದೆ. ಯಾತಕ್ಕೆ ಮಾಹಿತಿ ತೆಗೆದುಕೊಳ್ಳುತ್ತಿದ್ದೀರಿ ಅಂತ ಹೇಳಬೇಕು, ಬೇಡ ಅಂದರೆ ತೆಗೆಯಬೇಕು ಅನ್ನುವುದು ಅದರ ತಿರುಳು. ಬರೆದ ಸುದ್ದಿಯನ್ನು ಅವರಿಗೇ ಕಳಿಸಿ, ‘ಸರಿ, ಹಾಕಿ’ ಅನ್ನುವ ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಫೋನ್ ನಂಬರ್, ವಿಳಾಸ ಮುದ್ರಿಸಬೇಡಿ. ಮಕ್ಕಳ ಫೋಟೋಗೆ ತಂದೆ ತಾಯಿ ಒಪ್ಪಬೇಕು. ಮದುವೆ ಸುದ್ದಿಗೆ ಗಂಡು ಹೆಣ್ಣು ಇಬ್ಬರನ್ನೂ ಕೇಳಿ. ಎರಡು ಮನೆಯಲ್ಲಿ ಒಂದು ಮನೆಗೆ ಇನ್ನೂ ಗೊತ್ತೇ ಇರದ ಮದುವೆಗಳೂ ಬೆಂಗಳೂರಿನಲ್ಲಿ ನಡೆಯುತ್ತವೆ.

ಹೆಜ್ಜೆ 10: ಪ್ರೂಫ್

ನಾವು ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತೇವೆ. ನಮ್ಮ ಚಿಕ್ಕಪೇಟೆ ಕಡೆಯ ಪ್ರೆಸ್ಸಿನವರು ಅದನ್ನು ‘ನುಡಿ’ ಅನ್ನುವ ಹಳೆಯ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಆ ಬದಲಾವಣೆಯಲ್ಲಿ ಒತ್ತುಗಳು ಜಾರುತ್ತವೆ. ಹೆಚ್ಚು ಪೆಟ್ಟು ಬೀಳುವುದು ಕ್ಸೇವಿಯರ್, ಫರ್ನಾಂಡಿಸ್, ಆಲ್ಫ್ರೆಡ್ ಇಂಥವರಿಗೆ. ಹಾಗಾಗಿ ಪ್ರೂಫ್ ಎರಡು ಸಲ ಓದಿ. ಒಂದು ಸಲ ಪೂರ್ತಿ, ಇನ್ನೊಂದು ಸಲ ಬರೀ ಹೆಸರು ಮತ್ತು ವರ್ಷ, ಜೋರಾಗಿ ಬಾಯಿಬಿಟ್ಟು. ಪಕ್ಕದಲ್ಲಿ ಒಬ್ಬರು ಎಕ್ಸೆಲ್ ಶೀಟ್ ಹಿಡಿದು ಕೂತಿರಲಿ.

ಪಿಡಿಎಫ್ ಎಲ್ಲರಿಗೂ ಹೋಗುತ್ತದೆ. ಆದರೂ ಎಪ್ಪತ್ತೈದು ದಾಟಿದವರಿಗೆ ಅಚ್ಚಾದ ಪ್ರತಿಯನ್ನು ಅಂಚೆಯಲ್ಲಿ ಕಳಿಸಿ. ಲಕೋಟೆಯ ಮೇಲೆ ವಿಳಾಸ ಕೈಯಲ್ಲೇ ಬರೆಯಿರಿ. ವಾಪಸ್ ಬಂದ ಲಕೋಟೆಗಳನ್ನು ಬಿಸಾಡಬೇಡಿ. ಮನೆ ಬದಲಾಗಿದೆ, ಇಲ್ಲವೇ ಮಗನ ಜೊತೆ ಹೋಗಿದ್ದಾರೆ ಅಂತ ಅರ್ಥ. ಬ್ಯಾಚ್ ಪ್ರತಿನಿಧಿಗೆ ಮುಂದಿನ ಫೋನ್ ಅದರಿಂದಲೇ ಶುರು.

ಸಂಚಿಕೆ ತಲುಪಿದ ವಾರ ನಿಮ್ಮ ಫೋನು ಬಡಿದುಕೊಳ್ಳುತ್ತದೆ. ಹೆಸರಿನ ಒತ್ತು ಬಿಟ್ಟಿದ್ದೀರಿ, ನನ್ನದು 1978 ಅಲ್ಲ 1977, ನಮ್ಮ ಬ್ಯಾಚಿಗೆ ಯಾಕೆ ಇಷ್ಟು ಕಮ್ಮಿ ಜಾಗ. ಎಲ್ಲವನ್ನೂ ಬರೆದುಕೊಳ್ಳಿ, ಮುಂದಿನ ಸಂಚಿಕೆಯಲ್ಲಿ ‘ತಿದ್ದುಪಡಿ’ ಅಂತ ಹಾಕಿ. ಬೈಯುವುದಕ್ಕೆ ಅಂತಲೇ ಫೋನ್ ಮಾಡಿದವರನ್ನು ಬೇಗ ಬಿಡಬೇಡಿ. ಅವರ ಸಿಟ್ಟು ಇಳಿದ ಮೇಲೆ ಕೇಳಿ: “ಅದಿರಲಿ ಸರ್, ಈಗ ಸಂಜೆ ಹೊತ್ತು ಏನು ಮಾಡ್ತೀರಿ?”